ಅನ್ನಪೂರ್ಣೇಶ್ವರಿ ನಗರದಲ್ಲಿ ಪ್ರಾಚೀನತೆಯ ಪ್ರತಿಷ್ಠಾಪನೆ: ಒಂದು ಸ್ತರಶಾಸ್ತ್ರೀಯ ಮೀಮಾಂಸೆ

ಪ್ರಸ್ತುತ ಪ್ರಬಂಧವು ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದ ಪ್ರಾಕ್ತನ ದಾರಿದ್ರ್ಯವನ್ನು ಬಹುಶಿಸ್ತೀಯ ನೆಲೆಯಲ್ಲಿ ಪರಾಮರ್ಶಿಸಿ ಪರಿಹಾರವೊಂದನ್ನು ಪ್ರತಿಪಾದಿಸುತ್ತದೆ. ಬೇಗೂರಿಗೆ ಬೆಂಗಳೂರಿನ ಹೆಸರು ಹೇಳುವ ಒಂಬತ್ತನೇ ಶತಮಾನದ ಶಾಸನವಿದೆ. ಯಶವಂತಪುರದಲ್ಲಿ 1891ರಲ್ಲೇ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ನಾಗರಬಾವಿಯ ಮಗ್ಗುಲಿನ ಈ ಬಡಾವಣೆಯಲ್ಲಿ ಪಾಯ ತೋಡಿದರೆ ಸಿಗುವುದು ಕೆಮ್ಮಣ್ಣು, ಕೇಬಲ್ಲು, ಕಾವೇರಿ ಪೈಪು. ಆದಕಾರಣ, ಮೊದಲು ಹೂಳಿ ಆಮೇಲೆ ಅಗೆಯುವ ‘ಪುನರ್ನಿಕ್ಷೇಪಾತ್ಮಕ ಉತ್ಖನನ’ ವಿಧಾನವನ್ನು ಇಲ್ಲಿ ಮಂಡಿಸಲಾಗುತ್ತಿದೆ. ಇದು ತ್ರಿವಿಧ: ಜಮೀನಿನ ಹಕ್ಕಿಗಾಗಿ ದಾನನಿಕ್ಷೇಪ, ಸಿಎ ಸೈಟಿಗಾಗಿ ಉದ್ಭವನಿಕ್ಷೇಪ, ಡಾಕ್ಟರೇಟಿಗಾಗಿ ಕೀರ್ತಿನಿಕ್ಷೇಪ.

ದಾನನಿಕ್ಷೇಪಕ್ಕೆ ನಮ್ಮಲ್ಲೇ ಪೂರ್ವಾಚಾರ್ಯರಿದ್ದಾರೆ. ಶಿವಮೊಗ್ಗ ಸೀಮೆಯ ಗೌಜ ಅಗ್ರಹಾರದ ತಾಮ್ರಪಟವು ಸರ್ಪಯಾಗದ ಜನಮೇಜಯನೇ ಖುದ್ದಾಗಿ ಭೂಮಿ ಕೊಟ್ಟನೆಂದು ಸಾರುತ್ತದೆ. ಜೆ.ಎಫ್. ಫ್ಲೀಟ್ ಎಂಬ ಅರಸಿಕ ಶಾಸನತಜ್ಞ ಅದನ್ನೂ ಗಂಗರ ಹೆಸರಿನ ಹಲವು ಪಟಗಳನ್ನೂ ಕೂಟಶಾಸನಗಳೆಂದು ತಳ್ಳಿಹಾಕಿದ. ಉದ್ಭವನಿಕ್ಷೇಪಕ್ಕೆ ಮೂರ್ತಿಯ ಅಡಿ ಒಣ ಕಡಲೆ ಸುರಿದು ನೀರು ಬಿಟ್ಟರಾಯಿತು, ಕಡಲೆ ಉಬ್ಬಿ ದೇವರು ಮೇಲೇಳುತ್ತಾನೆ. ಸಾರ್ವಜನಿಕ ಜಾಗದಲ್ಲಿ ಹೊಸದಾಗಿ ಗುಡಿ ಕಟ್ಟಕೂಡದೆಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದ ಮೇಲಂತೂ ಹಳೆಯ ದೇವರಿಗೆ ಬೇಡಿಕೆ ಜಾಸ್ತಿ. ಕೀರ್ತಿನಿಕ್ಷೇಪದ ಮೂಲಪುರುಷ ಜಪಾನಿನ ಹವ್ಯಾಸಿ ಪುರಾತತ್ವಜ್ಞ ಶಿನಿಚಿ ಫುಜಿಮುರಾ. ‘ದೇವರ ಕೈ’ ಎಂದೇ ಹೆಸರಾಗಿದ್ದ ಈತ ಕಾಮಿತಾಕಾಮೊರಿ ನೆಲೆಯಲ್ಲಿ ಕಲ್ಲಿನ ಉಪಕರಣ ಹೂಳುತ್ತಿದ್ದ ಚಿತ್ರಗಳನ್ನು ಮೈನಿಚಿ ಪತ್ರಿಕೆ 2000ದ ನವೆಂಬರಿನಲ್ಲಿ ಅಚ್ಚುಹಾಕಿತು.

ವರ್ಗೀಕರಣ ಇಷ್ಟು ಸಾಕು. ಇನ್ನೆರಡು ಉಪಭೇದ ಸೇರಿಸಿದರೂ ಕಳ್ಳತನ ಕಳ್ಳತನವೇ. ಫುಜಿಮುರಾ ಹೂಳಿದ ಕಲ್ಲುಗಳು ನಕಲಿಯಲ್ಲ, ಬೇರೆ ಕಡೆ ಆರಿಸಿದ್ದ ಜೋಮೋನ್ ಕಾಲದ ಅಸಲಿ ಉಪಕರಣಗಳು. ಸುಳ್ಳಾಗಿದ್ದದ್ದು ಅವುಗಳ ಜಾಗ. ಅಷ್ಟಕ್ಕೇ ಆ ದೇಶ ಪಠ್ಯಪುಸ್ತಕ ತಿದ್ದಬೇಕಾಯಿತು, ಅವನು ಕೈಯಿಟ್ಟ ನೂರಕ್ಕೂ ಹೆಚ್ಚು ನೆಲೆಗಳನ್ನು ಅನುಮಾನದಿಂದ ನೋಡಬೇಕಾಯಿತು. ವಸ್ತು ಅಸಲಿಯಾಗಿದ್ದರೆ ಎಲ್ಲಿದ್ದರೇನು ಎನ್ನುವವರಿಗೆ ಚಿತ್ರದುರ್ಗದ ಚಂದ್ರವಳ್ಳಿಯೇ ಉತ್ತರ. ಅಲ್ಲಿ ರೋಮಿನ ನಾಣ್ಯ ಶಾತವಾಹನರ ನಾಣ್ಯಗಳ ಜೊತೆ, ಮಡಕೆಚೂರುಗಳ ನಡುವೆ ಸಿಕ್ಕಿತು. ಆದ್ದರಿಂದಲೇ ಒಂದು ಇಡೀ ಪದರದ ಕಾಲ ಗೊತ್ತಾಯಿತು. ಅದೇ ನಾಣ್ಯವನ್ನು ಕೊಂಡು ತಂದು ನಮ್ಮ ಬೋರ್‌ವೆಲ್ ಕೆಸರಿಗೆ ಹಾಕಿದರೆ ಅದರಿಂದ ತಿಳಿಯುವುದು ಬೆಳ್ಳಿಯ ತೂಕ ಮಾತ್ರ. ಅದು ಬಿಟ್ಟುಬಂದ ಗುಂಡಿಯ ಚರಿತ್ರೆಯೂ ಹೋಯಿತು, ಬಂದು ಬಿದ್ದ ಗುಂಡಿಯದೂ ಕೆಟ್ಟಿತು. ಕಾರ್ಬನ್ ಪರೀಕ್ಷೆಯಲ್ಲಿ ಮೋಸ ಬಯಲಾಗುತ್ತದಲ್ಲ ಎನ್ನುವುದೂ ಹುಸಿ ಸಮಾಧಾನ. ಆ ಪರೀಕ್ಷೆ ನಡೆಯುವುದು ಮರ, ಮೂಳೆ, ಇದ್ದಿಲಿನಂಥವುಗಳಿಗೆ. ಕಲ್ಲನ್ನು ಯಾವಾಗ ಕೆತ್ತಿದರೆಂಬುದಕ್ಕೆ ಬಹಳ ಸಲ ಅದು ಬಿದ್ದಿದ್ದ ಮಣ್ಣೇ ಸಾಕ್ಷಿ, ಆ ಸಾಕ್ಷಿಯನ್ನೇ ಹೂಳುವವರು ಗುದ್ದಲಿಯಿಂದ ಕೊಂದಿರುತ್ತಾರೆ.

ಊರಿಗೊಂದಿಷ್ಟು ಹೆಮ್ಮೆ ಬಂದರೆ ಯಾರಿಗೇನು ನಷ್ಟ ಎಂಬುದು ಕೊನೆಯ ಆಕ್ಷೇಪ. ನಷ್ಟ ಇನ್ನೊಂದು ಊರಿಗೆ. ತುರು ಕಾಯುತ್ತ ಸತ್ತವನ ವೀರಗಲ್ಲು ನಿಂತಿರುವುದು ಅವನು ಸತ್ತ ಸೀಮೆಯಲ್ಲಿ; ರಾತ್ರೋರಾತ್ರಿ ಟೆಂಪೋದಲ್ಲಿ ಹಾಕಿ ತಂದರೆ ಅವನು ಎರಡನೇ ಸಲ ಸಾಯುತ್ತಾನೆ, ಈ ಸಲ ಕಲ್ಲು ನಿಲ್ಲಿಸುವವರೂ ಇಲ್ಲ. ನಿಧಿಯಾಸೆಗೆ ನಂದಿಯ ಹೊಟ್ಟೆ ಸೀಳುವ ನಾಡು ಇದು. 2019ರ ಜುಲೈನಲ್ಲಿ ಆನೆಗೊಂದಿಯ ನಡುಗಡ್ಡೆಯಲ್ಲಿ ವ್ಯಾಸರಾಜರ ಬೃಂದಾವನವನ್ನೇ ಒಡೆದು ಹಾಕಿದರು. ಅಲ್ಲಿ ಅಗೆದವರು ಹುಡುಕಿದ್ದು ಚಿನ್ನ, ಇಲ್ಲಿ ಹೂಳುವವರು ಹುಡುಕುವುದು ಗೌರವ. ಕಳ್ಳಮಾಲಿಗೆ ಗಿರಾಕಿಯಾದವನಿಗೆ ಶಾಲು ಹೊದಿಸಿ ಸಂಶೋಧಕ ಎನ್ನುವುದಕ್ಕೆ ನಾಚಿಕೆಯಾಗಬೇಕು.

ನೂರು ವರ್ಷ ದಾಟಿದ ಶಿಲ್ಪವೂ ನಾಣ್ಯವೂ 1972ರ ಪುರಾವಸ್ತು ಕಾಯಿದೆಯ ಪ್ರಕಾರ ಪುರಾವಸ್ತು. ಪಾಯ ತೋಡುವಾಗ ನಿಜವಾಗಿಯೇ ಏನಾದರೂ ಸಿಕ್ಕರೆ ಎತ್ತಬೇಡಿ, ತೊಳೆಯಬೇಡಿ, ಕುಂಕುಮ ಹಚ್ಚಬೇಡಿ. ಜೆಸಿಬಿ ನಿಲ್ಲಿಸಿ, ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸಿ.