ದಂಡೆಯ ದೊರೆ

ತುಂಗಭದ್ರೆಗೆ ಹೊಸ ನೀರು ಬಂದ ಸುದ್ದಿ ಆದೋನಿ ಸೀಮೆಯಲ್ಲಿ ಮೊದಲು ಮುಟ್ಟುವುದು ನೀರಾವರಿ ಕಚೇರಿಗಲ್ಲ, ಮೀನ್ಮಾವನಿಗೆ. ಮೀನ್ಮಾವ ಒಬ್ಬನಲ್ಲ. ಕೋಸಿಗಿ, ಕೌತಾಳಂ, ಹೊಳಗುಂದ, ಎಲ್ಲಿಗೆ ಹೋದರೂ ಊರಿಗೊಬ್ಬ ಸಿಗುತ್ತಾನೆ. ವಾರವೆಲ್ಲ ಹತ್ತಿ ಮಂಡಿಯಲ್ಲಿ ಗುಮಾಸ್ತಿಕೆ. ಭಾನುವಾರ ಹೆಗಲಿಗೆ ಟವಲು, ಕೈಗೆ ಖಾಲಿ ಚೀಲ. ಬಲೆ ಮಾತ್ರ ಇನ್ನೊಬ್ಬರದು.

ಬಲೆಯವನು ಸೊಂಟದುದ್ದ ನೀರಲ್ಲಿ, ಇವನು ದಂಡೆಯ ಬಂಡೆ ಮೇಲೆ. "ಎಡಕ್ಕೆ ಬೀಸಲೇ, ಮಡು ಐತೆ!" ಎಡಕ್ಕೆ ಬೀಸಿದರೆ ಬಲೆ ಜಾಲಿ ಮುಳ್ಳಿಗೆ ಸಿಕ್ಕಿ ಹರಿಯುತ್ತದೆ. "ನಾ ಅಂದಿದ್ದು ನನ್ನ ಎಡ!" ಒಂದು ವಿದ್ಯೆ ಮಾತ್ರ ಇವನಿಗೆ ನಿಜವಾಗಿ ಒಲಿದಿದೆ. ಬೀಸುಬಲೆಯ ಅಂಚಿನ ಸೀಸದ ಗುಂಡುಗಳು ಅಗಲವಾಗಿ ಹರಡಿ ಬಿದ್ದರೆ 'ಝರ್ರ್' ಎನ್ನುತ್ತವೆ. ಬಲೆ ಪೂರ್ತಿ ಬಿಚ್ಚಿಕೊಳ್ಳದಿದ್ದರೆ 'ದಬ್'. ಕಣ್ಣು ಮುಚ್ಚಿಯೇ ಹೇಳುತ್ತಾನೆ, "ದಬ್ ಅಂತು, ಸುಡುಗಾಡು!"

ಜಿಲೇಬಿ ಮೀನು ಬಿದ್ದರೆ ಮುಖ ತಿರುವುತ್ತಾನೆ: "ಆಫ್ರಿಕಾದ್ದು." ಕಾಟ್ಲಾ ಬಿದ್ದರೆ, "ಸರ್ಕಾರದೋರು ಬಿಟ್ಟ ಮರಿ." ಕೊರವ ಬಿದ್ದರಷ್ಟೇ "ಇದು ನಮ್ದು" ಎಂದು ಚೀಲದ ಬಾಯಿ ಅಗಲಿಸುತ್ತಾನೆ.

ಹೊಸಪೇಟೆಯ ಅಣೆಕಟ್ಟು ಮುಗಿದದ್ದೂ 1953ರಲ್ಲಿ, ಆದೋನಿ ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದ್ದೂ 1953ರಲ್ಲಿ. ಎರಡರಲ್ಲೂ ನಷ್ಟ ಮೀನಿಗೇ ಎಂಬುದು ಇವನ ಸಿದ್ಧಾಂತ. 2024ರ ಆಗಸ್ಟ್ 10ರ ರಾತ್ರಿ, 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ ರೈತರು ಹರಿದುಹೋದ ನೀರಿಗೆ ಮರುಗಿದರು. ಇವನು ಆ ನೀರಲ್ಲಿ ಬಂದ ಬಾಳೆ ಮೀನಿನ ಕಥೆ ಶುರು ಮಾಡಿದ. ಮೊದಲು ಅದು ಮೊಳದುದ್ದವಿತ್ತು, ಈಗ ಆಳುದ್ದವಾಗಿದೆ. ಎಲ್ಲಿ ಎಂದರೆ, "ಸುಂಕೇಸುಲ ದಾಟಿರ್ತೈತೆ ಬಿಡಪ್ಪ."

ಮನೆಯಲ್ಲೂ ಇದೇ ದರ್ಬಾರು. ಹೆಂಡತಿ ಕೊರವಕ್ಕೆ ಬೂದಿ ಹಚ್ಚಿ ಲೋಳೆ ತೆಗೆದು, ಹುರುಪೆ ಕೆರೆದು, ಉಪ್ಪು ಅರಿಶಿನದಲ್ಲಿ ತಿಕ್ಕಿ ತೊಳೆಯುತ್ತಾಳೆ. ಹುಣಸೆ ರಸ, ಕೆಂಪು ಖಾರ, ಹುರಿದ ಮೆಂತ್ಯದ ಪುಡಿ ಸೇರಿ ಸಾರು ಕುದಿಗೆ ಬಂದ ಮೇಲೆ ತುಂಡು ಇಳಿಸುತ್ತಾಳೆ. ಆಮೇಲೆ ಕಲಕಿದರೆ ಮೀನು ಪುಡಿಯಾಗುತ್ತದೆ. ಪಾತ್ರೆ ಹಿಡಿದು ಅಲ್ಲಾಡಿಸಬೇಕು, ಅಷ್ಟೆ. ಪಡಸಾಲೆಯಿಂದ ಅಪ್ಪಣೆ: "ಸೌಟು ಹಾಕಬ್ಯಾಡ!" ಒಳಗಿಂದ ಉತ್ತರ: "ಸೌಟು ನಿಮಗಂತ್ಲೇ ಇಟ್ಟೀನಿ, ಒಳಗೆ ಬರ್ರಿ."

ಬಿಸಿ ಜೋಳದ ರೊಟ್ಟಿ ಮುರಿಯುತ್ತಾ "ಹೆಂಗೈತೆ ನಮ್ಮ ಕೈ ರುಚಿ?" ಎಂದು ಬಂದವರನ್ನು ಕೇಳುವುದೂ ಇವನೇ.

ಇಂಥವನನ್ನು ಯಾಕಪ್ಪ ಹೊಳೆಗೆ ಕರಕೊಂಡು ಹೋಗ್ತೀಯ ಎಂದು ಬಲೆಯವನನ್ನು ಕೇಳಿದೆ. ಹರಿದ ಕಣ್ಣಿ ಹೆಣೆಯುತ್ತಲೇ ಅಂದ: "ಮೀನು ಬಿದ್ರೆ ನಾ ಹಿಡಿದೆ ಅಂತೀನಿ. ಬೀಳಲಿಲ್ಲಾಂದ್ರೆ ಮಾವನ ಬಾಯಿಗೆ ಹೆದರಿ ಓಡಿದ್ವು ಅಂತೀನಿ. ಮನೇಲಿ ಎರಡನ್ನೂ ನಂಬ್ತಾರೆ."