ಮೌನಾಕ್ಷರದ ರಾಯರು

ತಾಲ್ಲೂಕು ಕಚೇರಿಯಿಂದಲೋ ಪ್ರೌಢಶಾಲೆಯಿಂದಲೋ ನಿವೃತ್ತರಾಗಿ, ಮಕ್ಕಳನ್ನು ದಡ ಸೇರಿಸಿ, ಪಿಂಚಣಿ ತರುವ ದಿನವೊಂದನ್ನುಳಿದು ತಿಂಗಳ ಮಿಕ್ಕ ದಿನಗಳಲ್ಲಿ ಮಾಡಲು ಕೆಲಸವಿಲ್ಲದ, ಆದರೆ ಸುಮ್ಮನೆ ಕೂರಲೂ ಒಲ್ಲದ ಸಜ್ಜನರು ನಮ್ಮ ನಾಡಿನ ಪ್ರತಿಯೊಂದು ಬಡಾವಣೆಯಲ್ಲಿಯೂ ಇದ್ದಾರೆ. ಅವರಲ್ಲಿ ಕೆಲವರು ತೋಟಗಾರಿಕೆಯನ್ನೂ ಕೆಲವರು ಹೋಮಿಯೋಪತಿಯನ್ನೂ ಮತ್ತೆ ಕೆಲವರು ವಧೂವರಾನ್ವೇಷಣೆಯನ್ನೂ ಹಿಡಿಯುತ್ತಾರೆ. ಇವರಿಂದ ಲೋಕಕ್ಕೆ ಆಗುವ ಹಾನಿ ಪರಿಮಿತವಾದುದು. ನಾನು ಹೇಳಹೊರಟಿರುವ ರಾಯರು ಹಿಡಿದದ್ದಾದರೋ ಇಂಗ್ಲಿಷ್ ಭಾಷೆಯಲ್ಲಿ ಬರೆಯಲ್ಪಟ್ಟೂ ಉಚ್ಚರಿಸಲ್ಪಡದ ಅಕ್ಷರಗಳನ್ನು.

ರಾಯರ ಬಳಿ ಕೆಂಪು ಬಟ್ಟೆಯ ಬೆನ್ನಿನ ಉದ್ದನೆಯ ಲೆಕ್ಕದ ಪುಸ್ತಕವೊಂದಿದೆ. ನಿಘಂಟುಗಳು ಶಬ್ದಗಳನ್ನು ಅಕಾರಾದಿಯಾಗಿ ನಿಲ್ಲಿಸಿದರೆ ಇವರು ಅವನ್ನು ಗೋತ್ರಾನುಸಾರವಾಗಿ ಕೂರಿಸಿದ್ದಾರೆ. 'ಕೆ' ಮತ್ತು 'ಎನ್' ಜೊತೆಗೂಡಿ ಬಂದು 'ಕೆ' ಮೌನವಹಿಸುವ ಗೋತ್ರದಲ್ಲಿ ಮಂಡಿಯೆಂಬರ್ಥದ 'ನೀ', ಬೆರಳ ಗೆಣ್ಣಾದ 'ನಕಲ್', ಧೂರ್ತನಾದ 'ನೇವ್', ಸಾವಿನ ಘಂಟಾನಾದವಾದ 'ನೆಲ್' ಇವೆಲ್ಲ ಸಗೋತ್ರರು. 'ಜಿ' ಸುಮ್ಮನಿರುವ ಪುಟದಲ್ಲಿ ನುಸಿಯೆಂಬ 'ನ್ಯಾಟ್', ಕಡಿದು ಕೊರೆಯುವ 'ನಾ', ಗಂಟುಗಂಟಾದ ಮರಕ್ಕೆ ಸಲ್ಲುವ 'ನಾರ್ಲ್ಡ್'. 'ಪಿ' ಬಾಯಿ ತೆರೆಯದ ಪುಟದಲ್ಲಿ ಸ್ತೋತ್ರಗೀತೆಯಾದ 'ಸಾಮ್', ಗುಪ್ತನಾಮವಾದ 'ಸ್ಯೂಡೊನಿಮ್', ಹಿಮಪ್ರದೇಶದ ಹಕ್ಕಿಯಾದ 'ಟಾರ್ಮಿಗನ್'. ಈ ಹಕ್ಕಿಯನ್ನಾಗಲಿ ಹಿಮವನ್ನಾಗಲಿ ರಾಯರು ಜನ್ಮದಲ್ಲಿ ಕಂಡವರಲ್ಲ. ಆದರೂ ಅದರ ಹೆಸರು ಸ್ಕಾಟ್ಲೆಂಡಿನ ಗೇಲಿಕ್ ನುಡಿಯಿಂದ ಬಂದುದೆಂದೂ, ಅದನ್ನು ಗ್ರೀಕ್ ಎಂದು ಭ್ರಮಿಸಿದ ಪಂಡಿತರು ಅದಕ್ಕೆ ವೃಥಾ ಒಂದು 'ಪಿ'ಯನ್ನು ಅಂಟಿಸಿದರೆಂದೂ ಹಾಲಿನವನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಅವರು ವಿವರಿಸಿದ್ದನ್ನು ನಾನು ಕೇಳಿದ್ದೇನೆ. ಹಾಲಿನವನು ತಲೆದೂಗಿದನು, ಏಕೆಂದರೆ ಆ ತಿಂಗಳ ಬಾಕಿ ಇನ್ನೂ ಬರಬೇಕಾಗಿತ್ತು.

ರಾಯರಿಗೆ ಸಿಟ್ಟು ತರಿಸುವ ಮಾತೆಂದರೆ, ಉಚ್ಚರಿಸದ ಅಕ್ಷರವನ್ನು ಬರೆಯುವುದೇಕೆ ಎಂಬ ಪ್ರಶ್ನೆ. ಕನ್ನಡದಲ್ಲಿ ಬರೆದಂತೆ ಓದಿ ಬೆಳೆದ ನಮ್ಮ ಮಕ್ಕಳು ಈ ಪ್ರಶ್ನೆಯನ್ನು ಕೇಳದೆ ಇರುವುದಿಲ್ಲ. ರಾಯರು ಉತ್ತರಿಸದೆ ಬಿಡುವುದೂ ಇಲ್ಲ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊತ್ತಮೊದಲ ಮುದ್ರಣಾಲಯವನ್ನು ಹೂಡಿದಾಗ ಅಲ್ಲಿನ ಜನ 'ಕೆ'ಯನ್ನು ಬಾಯ್ತುಂಬ ಉಚ್ಚರಿಸುತ್ತಿದ್ದರೆಂದೂ, ಕಾಲಾಂತರದಲ್ಲಿ ನಾಲಿಗೆ ತನ್ನ ದಾರಿ ಹಿಡಿದು ಮುಂದೆ ಸಾಗಿದರೂ ಅಚ್ಚಿಗೆ ಬಿದ್ದ ಅಕ್ಷರ ಬಿದ್ದಲ್ಲೇ ಉಳಿಯಿತೆಂದೂ ಅವರು ಹೇಳುವಾಗ, ಆ ಅನಾಥ 'ಕೆ'ಯ ಮೇಲೆ ಅವರಿಗಿರುವ ವಾತ್ಸಲ್ಯ ಕಣ್ಣಿನಲ್ಲಿ ಕಾಣುತ್ತದೆ. ಬರ್ನಾರ್ಡ್ ಷಾ ಅವರನ್ನು ಮಾತ್ರ ರಾಯರು ಕ್ಷಮಿಸಿಲ್ಲ. 1950ರಲ್ಲಿ ತೀರಿಕೊಂಡ ಆ ಮಹಾಶಯರು, ಒಂದು ಧ್ವನಿಗೆ ಒಂದೇ ಅಕ್ಷರವಿರುವ ಹೊಸ ವರ್ಣಮಾಲೆಗೆಂದು ಉಯಿಲಿನಲ್ಲಿ ಹಣವಿರಿಸಿದರು. ಅದರ ಫಲವಾಗಿ ಅವರದೇ ನಾಟಕವೊಂದು 1962ರಲ್ಲಿ ಹೊಸ ಲಿಪಿಯಲ್ಲಿ ಅಚ್ಚಾದುದೂ ಉಂಟು. ಲೋಕ ಅದನ್ನು ಅಷ್ಟಕ್ಕೇ ಮರೆತದ್ದು ರಾಯರ ಪುಣ್ಯವೆನ್ನಬೇಕು, ಇಲ್ಲವಾದರೆ ಕೆಂಪು ಬೆನ್ನಿನ ಪುಸ್ತಕ ರದ್ದಿಯವನ ತಕ್ಕಡಿ ಏರುತ್ತಿತ್ತು.

ವಿದ್ಯೆಯನ್ನು ವ್ಯವಹಾರದಲ್ಲಿ ವಿನಿಯೋಗಿಸಲು ಅವರು ಪ್ರಯತ್ನಿಸದೆ ಇಲ್ಲ. ದಿನಸಿ ಅಂಗಡಿಯ ಶೆಟ್ಟರು ಹಳೆಯ ಬಾಕಿಗಾಗಿ ಒಂದು ಸಂಜೆ ಮನೆಯ ತನಕ ಬಂದಾಗ, ಸಾಲವೆಂಬರ್ಥದ 'ಡೆಟ್' ಶಬ್ದದಲ್ಲಿ ಮೊದಲು 'ಬಿ' ಅಕ್ಷರವೇ ಇರಲಿಲ್ಲವೆಂದೂ, ಫ್ರೆಂಚಿನಿಂದ ಬಂದ ಆ ಶಬ್ದದ ಲ್ಯಾಟಿನ್ ವಂಶವನ್ನು ಮೆರೆಸುವ ಹಂಬಲದಿಂದ ವಿದ್ವಾಂಸರು ಅದನ್ನು ಆಮೇಲೆ ಸೇರಿಸಿದರೆಂದೂ, ಸಂದೇಹವೆಂಬರ್ಥದ 'ಡೌಟ್' ಶಬ್ದಕ್ಕೂ ಅದೇ ಗತಿಯಾಯಿತೆಂದೂ ರಾಯರು ನಿರೂಪಿಸಿದರು. ಶೆಟ್ಟರು ತಾಳ್ಮೆಯಿಂದ ಎಲ್ಲವನ್ನೂ ಕೇಳಿ, "ಅವರು 'ಬಿ' ಸೇರಿಸಿದ್ದು ಸರಿ ರಾಯರೇ, ನಾನು ಬಡ್ಡಿಯನ್ನೂ ಸೇರಿಸಿಲ್ಲ, ಅಸಲು ಕೊಟ್ಟುಬಿಡಿ" ಎಂದರು.

ಆದರೆ ರಾಯರ ಪೂರ್ಣಸ್ವರೂಪವನ್ನು ಕಾಣಬೇಕಾದರೆ ಅವರು ರೋಗಿಯನ್ನು ನೋಡಲು ಹೊರಟಾಗ ಕಾಣಬೇಕು. ನಮ್ಮ ಬೀದಿಯ ಗೃಹಸ್ಥರೊಬ್ಬರು ಎದೆಯಲ್ಲಿ ಕಫ ಕಟ್ಟಿ ಹಾಸಿಗೆ ಹಿಡಿದಿದ್ದರು. ರಾಯರು ಮೂಸಂಬಿಯ ಚೀಲದೊಡನೆ ಬಂದು, ಕುರ್ಚಿಯನ್ನು ಮಂಚದ ಬಳಿಗೆಳೆದು ಕುಳಿತು, ಮೇಜಿನ ಮೇಲಿದ್ದ ವೈದ್ಯರ ಚೀಟಿಯನ್ನು ಕೈಗೆತ್ತಿಕೊಂಡರು. ನೋಡುನೋಡುತ್ತಿದ್ದಂತೆ ಅವರ ಹುಬ್ಬು ಗಂಟಿಕ್ಕಿತು. ಮನೆಯೊಡತಿಯ ಮುಖ ಬಿಳುಪೇರಿತು, "ಏನಾದರೂ ಹೆಚ್ಚುಕಡಮೆ ಬರೆದಿದ್ದಾರೆಯೇ ರಾಯರೇ?" ಎಂದು ಆಕೆ ನಡುಗುವ ದನಿಯಲ್ಲಿ ಕೇಳಿದರು. "ಹೆಚ್ಚಲ್ಲಮ್ಮ, ಕಡಮೆ" ಎಂದು ರಾಯರು ಅಂಗಿಯ ಜೇಬಿನಿಂದ ಪೆನ್ಸಿಲನ್ನು ತೆಗೆದು, 'ನ್ಯುಮೋನಿಯಾ' ಎಂಬುದರ ಮುನ್ನ ವೈದ್ಯರು ಅವಸರದಲ್ಲಿ ಕೈಬಿಟ್ಟಿದ್ದ 'ಪಿ'ಯನ್ನು ದುಂಡಗೆ ಬರೆದು, ಚೀಟಿಯನ್ನು ದೂರ ಹಿಡಿದು ನೋಡಿ, ರೋಗಿಗೆ ಗುಣವಾಯಿತೆಂಬಷ್ಟು ತೃಪ್ತಿಯಿಂದ ಕೆಳಗಿಟ್ಟರು. ಜ್ವರ ಎಷ್ಟಿದೆ, ರಾತ್ರಿ ನಿದ್ದೆ ಬಂತೇ, ಇವೊಂದನ್ನೂ ಅವರು ವಿಚಾರಿಸಲಿಲ್ಲ. ಬೀಳ್ಕೊಂಡು ಮೆಟ್ಟಿಲಿಳಿದವರು ಮತ್ತೆ ಹಿಂದಿರುಗಿ ಬಂದಾಗ, ಮರೆತ ಕುಶಲಪ್ರಶ್ನೆಗಾಗಿ ಬಂದರೆಂದು ಎಲ್ಲರೂ ಭಾವಿಸಿದರು. ರಾಯರು ಬಾಗಿಲಲ್ಲಿ ತಲೆಯಿಟ್ಟು, "ಗ್ರೀಕರು ಆ 'ಪಿ'ಯನ್ನು ಉಚ್ಚರಿಸುತ್ತಿದ್ದರು, ಮೂಲ ಶಬ್ದಕ್ಕೆ ಶ್ವಾಸಕೋಶವೆಂದು ಅರ್ಥ" ಎಂದು ಹೇಳಿ ಹೊರಟುಹೋದರು. ರೋಗಿ ಗೋಡೆಯ ಕಡೆಗೆ ಮಗ್ಗುಲಾದರು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತನ್ನು ಒಪ್ಪದಿದ್ದರೆ ಅನ್ಯಾಯವಾದೀತು. ದ್ವೀಪವೆಂಬರ್ಥದ 'ಐಲೆಂಡ್' ಶಬ್ದದ 'ಎಸ್' ಏಕೆ ಮಾತಾಡುವುದಿಲ್ಲವೆಂದು ಶಾಲೆಯಲ್ಲಿ ಕೇಳಿದ ಹುಡುಗನಿಗೆ, ಪ್ರಶ್ನೆ ಕೇಳದೆ ಹತ್ತು ಸಲ ಬರೆಯೆಂಬ ಉತ್ತರ ದೊರಕುತ್ತದೆ. ರಾಯರ ಜಗಲಿಯಲ್ಲಾದರೋ, ಅದು ಹಳೆಯ ಇಂಗ್ಲಿಷಿನ ಸ್ವಂತ ಶಬ್ದವೆಂದೂ, ಲ್ಯಾಟಿನ್ ಮೂಲದಿಂದ ಬಂದ ಅದೇ ಅರ್ಥದ 'ಐಲ್' ಎಂಬುದರ ನೆಂಟನೆಂದು ತಪ್ಪಾಗಿ ಬಗೆದವರು ಅದಕ್ಕೆ 'ಎಸ್' ತೊಡಿಸಿದರೆಂದೂ ತಿಳಿದು, ದೊಡ್ಡ ಪಂಡಿತರೂ ಎಡವುತ್ತಾರೆಂಬ ಸಂತೋಷದಿಂದ ಆ ಹುಡುಗನು ನಗುತ್ತಾನೆ. ನಕ್ಕು ಕಲಿತ ಕಾಗುಣಿತ ಅವನಿಗೆ ಮರೆಯುವುದಿಲ್ಲ. ಆದುದರಿಂದ ಓದುಗ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ನಿಮ್ಮ ಬೀದಿಯಲ್ಲಿ ಇಂತಹ ರಾಯರಿದ್ದರೆ ಮಕ್ಕಳನ್ನು ಪ್ರತಿ ಸಂಜೆ ಅವರ ಬಳಿಗೆ ಧಾರಾಳವಾಗಿ ಕಳುಹಿಸಿ, ಶುಲ್ಕವನ್ನು ಅವರು ಕೇಳುವುದಿಲ್ಲ, ನಿಮಗೆ ಜ್ವರ ಬಂದ ದಿನ ಮಾತ್ರ ಆ ಸುದ್ದಿ ಅವರ ಮನೆಯನ್ನು ಮುಟ್ಟದಂತೆ ನೋಡಿಕೊಳ್ಳಿ.