ಕುಕ್ಕರಿಗೆ ಬಿಲ್ ಇದೆಯಾ?

‘ಖಚಿತ ಮಾಹಿತಿ ಮೇರೆಗೆ ಗಸ್ತಿನಲ್ಲಿದ್ದಾಗ, ಅನುಮಾನಾಸ್ಪದವಾಗಿ ನಿಂತಿದ್ದ ವ್ಯಕ್ತಿಯು ಪೊಲೀಸರನ್ನು ಕಂಡು ಓಡಲು ಯತ್ನಿಸಿದ್ದು, ಹಿಡಿದು ವಿಚಾರಿಸಲಾಗಿ ಸಮರ್ಪಕ ಉತ್ತರ ನೀಡದೆ...’ ಈ ವಾಕ್ಯವನ್ನು ಮೊದಲು ಬರೆದ ಪುಣ್ಯಾತ್ಮ ಯಾರೋ! ಬೀದರಿನಿಂದ ಚಾಮರಾಜನಗರದವರೆಗೆ ಕಳ್ಳರೆಲ್ಲ ಒಂದೇ ಭಂಗಿಯಲ್ಲಿ ಅನುಮಾನಾಸ್ಪದವಾಗಿ ನಿಲ್ಲುತ್ತಾರೆ, ಒಂದೇ ಥರ ಓಡಲು ಯತ್ನಿಸುತ್ತಾರೆ, ಒಬ್ಬನೂ ಓಡಿ ದಕ್ಕಿಸಿಕೊಳ್ಳುವುದಿಲ್ಲ. ಠಾಣೆಯ ಬೆಂಚಿನ ಮೇಲೆ ಕೂತೊಡನೆ ಜ್ಞಾನೋದಯವಾಗಿ ‘ಸ್ವಇಚ್ಛಾ ಹೇಳಿಕೆ’ ಕೊಡುತ್ತಾರೆ: ನನ್ನನ್ನು ಕರೆದುಕೊಂಡು ಹೋದಲ್ಲಿ ಮಾಲು ಇಟ್ಟಿರುವ ಜಾಗ ತೋರಿಸಿಕೊಡುತ್ತೇನೆ. ಹೆಬ್ಬೆಟ್ಟು ಒತ್ತುವವನ ಬಾಯಲ್ಲೂ ‘ಹೋದಲ್ಲಿ’ ಎಂಬ ಗ್ರಾಂಥಿಕ ಕನ್ನಡ. ಕನ್ನಡ ಉಳಿಸಲು ಹೊರಟವರು ಠಾಣೆಗಳ ಕಡೆಗೂ ಒಮ್ಮೆ ಹೋಗಿಬರಬೇಕು, ಸ್ವಇಚ್ಛೆಯಿಂದ.

ಒಬ್ಬ ಗುಜರಿಯವನನ್ನೇ ತೆಗೆದುಕೊಳ್ಳಿ. ಹೆಸರು ಬೇಡ, ಪ್ರತಿ ಬಡಾವಣೆಯಲ್ಲೂ ಒಬ್ಬನಿದ್ದಾನೆ. ತಳ್ಳುಗಾಡಿಯ ಹುಡುಗ ತಂದ ಒಂದು ಕುಕ್ಕರ್, ಒಂದು ಹಿತ್ತಾಳೆ ಹಂಡೆ. ಹಂಡೆಯ ಕಂಠದ ಮೇಲೆ ‘ಸೋದರಮಾವನ ಉಡುಗೊರೆ’ ಎಂದು ಚುಕ್ಕಿಚುಕ್ಕಿಯಾಗಿ ಕೊರೆದಿತ್ತು. ತಕ್ಕಡಿಗೆ ಅಕ್ಷರ ಬಾರದು. ತೂಕ ಹಾಕಿದ, ಕಾಸು ಕೊಟ್ಟ. ಆಮೇಲೆ ಜೀಪು ಬಂತು.

1872ರಲ್ಲಿ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಎಂಬ ಇಂಗ್ಲಿಷ್ ದೊರೆ ನಮಗೆ ಸಾಕ್ಷ್ಯ ಕಾಯ್ದೆ ಬರೆದುಕೊಟ್ಟ. ಅದರ 114ನೇ ಸೆಕ್ಷನ್ನಿನ ಮೊದಲ ಉದಾಹರಣೆಯ ಸಾರ ಇಷ್ಟು: ಕಳವಾದ ಸ್ವಲ್ಪದರಲ್ಲೇ ಮಾಲು ಯಾರ ಬಳಿ ಸಿಗುತ್ತದೋ, ಅದು ಹೇಗೆ ಬಂತೆಂದು ಅವನು ವಿವರಿಸದಿದ್ದರೆ, ಅವನೇ ಕದ್ದವನು ಅಥವಾ ಕದ್ದದ್ದೆಂದು ಗೊತ್ತಿದ್ದೇ ಕೊಂಡವನು ಎಂದು ನ್ಯಾಯಾಲಯ ಊಹಿಸಬಹುದು. 2024ರ ಜುಲೈ 1ರಿಂದ ಇದು ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಸೆಕ್ಷನ್. ಬೋರ್ಡು ಬದಲಾಗಿದೆ, ಹೋಟೆಲ್ಲು ಅದೇ, ಸಾಂಬಾರೂ ಅದೇ.

ಆ ‘ಅಥವಾ’ದಲ್ಲಿದೆ ನೋಡಿ ಎಲ್ಲ ವ್ಯವಹಾರ. ಕದ್ದ ಮಾಲು ಕೊಂಡದ್ದಕ್ಕೆ ನ್ಯಾಯ ಸಂಹಿತೆಯ 317(2)ರಡಿ ಮೂರು ವರ್ಷದವರೆಗೆ ಸಜೆ. ಕದಿಯಲೆಂದು ರಾತ್ರಿ ಮನೆಗೆ ಕನ್ನ ಹಾಕಿದ್ದಕ್ಕೆ 331(4)ರಡಿ ಹದಿನಾಲ್ಕು ವರ್ಷದವರೆಗೆ. ಅದೇ ಕುಕ್ಕರು, ಅದೇ ಹಂಡೆ. ಠಾಣೆಗೆ ಎರಡನೆಯದೇ ಇಷ್ಟ. ಕೊಂಡವನು ಸಿಕ್ಕರೆ ಕದ್ದವನನ್ನು ಹುಡುಕುವ ಕೆಲಸ ಬಾಕಿ ಉಳಿಯುತ್ತದೆ. ಕೊಂಡವನೇ ಕದ್ದವನಾದರೆ ಫೈಲು ಮುಚ್ಚುತ್ತದೆ. ಸಾಲದ್ದಕ್ಕೆ ಧೂಳು ತಿನ್ನುತ್ತಿದ್ದ ಹಳೆಯ ಕನ್ನ ಕಳವುಗಳೂ ‘ಪತ್ತೆ’ಯಾಗುತ್ತವೆ. ಹೀಗಾಗಿ ಮಂಡಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು, ಅಂಗಡಿಯ ಮೆಟ್ಟಿಲನ್ನೇ ‘ಅಯ್ಯಪ್ಪಾ’ ಎಂದು ಇಳಿಯುವ ನಮ್ಮ ಗುಜರಿಯವನು, ಕಾಗದದ ಮೇಲೆ, ಮಳೆನೀರಿನ ಪೈಪು ಹಿಡಿದು ಎರಡನೇ ಮಹಡಿ ಹತ್ತಿದ. ಬೆನ್ನ ಮೇಲೆ ಹಂಡೆ ಹೊತ್ತು ಇಳಿದ.

ಮಹಜರು ನೋಡುವಂತಿತ್ತು. ಸುತ್ತಲಿನ ಇಬ್ಬರು ಮರ್ಯಾದಸ್ಥರು ಪಂಚರಾಗಬೇಕೆಂದು ಕಾನೂನು. ಠಾಣೆಯ ಎದುರಿನ ಟೀ ಅಂಗಡಿಯಲ್ಲಿ ಅಂಥ ಇಬ್ಬರು ಮರ್ಯಾದಸ್ಥರು ಸದಾ ಲಭ್ಯ. ಊರಿನ ಯಾವ ಮೂಲೆಯಲ್ಲಿ ಮಾಲು ಸಿಕ್ಕರೂ ಕಾಕತಾಳೀಯವಾಗಿ ಆ ದಾರಿಯಲ್ಲೇ ಹಾದುಹೋಗುತ್ತಿರುತ್ತಾರೆ. ಹಂಡೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಗಂಟಿನ ಮೇಲೆ ಅರಗು ಕಾಯಿಸಿ ಸುರಿದು ಮೊಹರು ಒತ್ತಿದರು. ಶೋಧ, ಜಪ್ತಿ ಎಲ್ಲವನ್ನೂ ವಿಡಿಯೊ ಮಾಡಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದಾದ್ದರಿಂದ ಮೊಬೈಲೂ ಹೊರಬಂತು. ಮೊದಲ ಸಲ ತೆಗೆದದ್ದು ಅಲುಗಾಡಿತ್ತು. ಆರೋಪಿಗೆ ಇನ್ನೊಮ್ಮೆ ‘ತೋರಿಸಿಕೊಡಲು’ ಹೇಳಿದರು.

‘ಎಲ್ಲಿಂದ ಬಂತು? ಬಿಲ್ ತೋರಿಸು.’ ಓದುಗ ಮಹಾಶಯರೇ, ನಿಮ್ಮ ಅಡುಗೆಮನೆಗೊಮ್ಮೆ ಹೋಗಿ ಆ ಮಿಕ್ಸಿಯ ಬಿಲ್ ತನ್ನಿ. ಅಜ್ಜಿಯ ಅವಲಕ್ಕಿ ಸರದ್ದು? ಮದುವೆಗೆ ಬಂದ ಆರು ಗಡಿಯಾರಗಳದ್ದು? ನಿಮ್ಮನ್ನು ಯಾರೂ ಕೇಳುವುದಿಲ್ಲ, ಬಿಡಿ. ವಿವರಣೆ ನಂಬುವಂತಿದ್ದರೆ ಸಾಕು ಎನ್ನುತ್ತದೆ ಕಾನೂನು. ಯಾರ ಮುಖ ನಂಬುವಂತಿದೆ ಎಂಬುದು ಗೇಟಿನ ಬಳಿಯೇ ತೀರ್ಮಾನವಾಗಿರುತ್ತದೆ.

‘ಸ್ವಲ್ಪದರಲ್ಲೇ’ ಎಂದರೆ ಎಷ್ಟು ದಿನ? ಕಾಯ್ದೆ ಲೆಕ್ಕ ಕೊಟ್ಟಿಲ್ಲ. 1983ರಲ್ಲಿ ಕರ್ನಾಟಕದ್ದೇ ಒಂದು ಕೊಲೆ ಪ್ರಕರಣದಲ್ಲಿ, ಚಿನ್ನದೊಡವೆಗಳಂಥವು ಬೇಗ ಕೈಬದಲಾಗುವ ವಸ್ತುಗಳಲ್ಲ, ವರ್ಷದ ಮೇಲೆ ಸಿಕ್ಕರೂ ತಡವೇನಲ್ಲ ಎಂದಿತು ಸುಪ್ರೀಂ ಕೋರ್ಟ್. ನ್ಯಾಯವೇ. ಆದರೆ ಸ್ಟೀಫನ್ ದೊರೆ ಅದೇ ಸೆಕ್ಷನ್ನಿನ ಕೊನೆಗೆ ಇನ್ನೊಂದು ಮಾತನ್ನೂ ಬರೆದಿಟ್ಟಿದ್ದಾನೆ. ಕಳುವಾದ, ಗುರುತು ಮಾಡಿದ ಒಂದು ರೂಪಾಯಿ ಅಂಗಡಿಯವನ ಗಲ್ಲಾದಲ್ಲಿ ಸಿಕ್ಕಿತು. ಅದು ಯಾರಿಂದ ಬಂತೆಂದು ಅವನಿಗೆ ಹೇಳಲಾಗದು. ಆದರೆ ದಿನವಿಡೀ ರೂಪಾಯಿ ಪಡೆಯುವುದೇ ಅವನ ಕಸುಬು, ಅದನ್ನೂ ನ್ಯಾಯಾಲಯ ಗಮನಿಸಬೇಕು ಎಂದು. ದಿನವಿಡೀ ಕುಕ್ಕರು ಪಡೆಯುವುದೂ ಒಂದು ಕಸುಬೇ ತಾನೆ? ಠಾಣೆಯ ಪುಸ್ತಕದಲ್ಲಿ ಆ ಪುಟಕ್ಕೆ ಬೋಂಡಾದ ಎಣ್ಣೆ ತಾಗಿರಬೇಕು.

ಹಾಗಂತ ಕಸುಬಿನ ಮರ್ಯಾದೆ ಯಾರಿಗೂ ಸಿಗುವುದಿಲ್ಲ ಎಂದಲ್ಲ. ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ದೇವಸ್ಥಾನದ ನಟರಾಜ ಕಳುವಾಗಿ, 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರಿಗೆ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿ ಸೇರಿದ. ಮಾಲು ದೀಪದಡಿ, ಟಿಕೆಟ್ಟಿಲ್ಲದೆ ನೋಡುವಂತೆ ನಿಂತಿತ್ತು. ಜೀಪು ಬರಲಿಲ್ಲ. ಅವರ ಬಳಿ ಕಾಗದವಿತ್ತು. ನಕಲಿ ಕಾಗದ, ಆದರೂ ಕಾಗದ. ತಾನೇ ಮೋಸಹೋದೆನೆಂದು ಗ್ಯಾಲರಿ ವ್ಯಾಪಾರಿಯ ಮೇಲೆ ದಾವೆ ಹೂಡಿತು. 2014ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯೇ ದೆಹಲಿಗೆ ಬಂದು ನಟರಾಜನನ್ನು ಒಪ್ಪಿಸಿದರು, ಕೈಕುಲುಕಿ ಫೋಟೊ ತೆಗೆಸಿಕೊಂಡರು. ನಮ್ಮ ಗುಜರಿಯವನಿಗೂ ಫೋಟೊ ಭಾಗ್ಯವಿತ್ತು: ಮೇಜಿನ ಮೇಲೆ ಹಂಡೆ, ಹಿಂದೆ ಸಾಲಾಗಿ ಅಧಿಕಾರಿಗಳು, ಕೆಳಗೆ ಕುಕ್ಕರುಗಾಲಲ್ಲಿ ಮುಖಕ್ಕೆ ಮುಸುಕು ಹಾಕಿಕೊಂಡು ಅವನು.

ಕೊನೆಗೆ ಪಂಚರು ಕಟಕಟೆ ಹತ್ತಿ, ‘ಸಹಿ ನಂದೇ ಸ್ವಾಮಿ, ಠಾಣೆಲಿ ಹಾಕಿದ್ದು, ಏನ್ ಬರೆದಿದ್ರೋ ಗೊತ್ತಿಲ್ಲ’ ಎಂದರು. ಕೇಸು ಬಿತ್ತು. ಬುದ್ಧಿ ಕಲಿತ ಗುಜರಿಯವನು ಈಗ ಹಳೇ ಬಕೆಟ್ಟಿಗೂ ಆಧಾರ್ ಕೇಳುತ್ತಾನೆ. ಮೊನ್ನೆ ಪೇದೆಯೊಬ್ಬರು ಠಾಣೆಯ ಹಳೇ ಪೇಪರಿನ ಕಟ್ಟು ತಂದು ತಕ್ಕಡಿಗೆ ಹಾಕಿದರು. ಇವನು ಕೈಮುಗಿದು ಕೇಳಿದ: ‘ಸಾರ್, ಬಿಲ್ ಇದೆಯಾ?’

ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ ಆರೋಪದ ಮೇಲೆ ಪ್ರಕರಣ ದಾಖಲಾಗಿದೆ.